ಬೀಗದ ಕೈ ಯಾರ ಬಳಿ ಇದೆ?

"ಮೇಡಂ, ನನಗೆ ಸಿಟ್ಟು ಜಾಸ್ತಿಯಾಗಿದೆ. ಅದಕ್ಕೆ ಏನಾದರೂ ದಾರಿ ಹೇಳಿ" ಎನ್ನುತ್ತಲೇ ಸಲಹೆಗೆ ಬಂದ ಮಹಿಳೆ ನನ್ನೆದುರು ಕುಳಿತರು. ಸುಮಾ ಎಂದಿಟ್ಟುಕೊಳ್ಳೋಣ, ಗುರುತು ಹತ್ತದಂತೆ ಉಳಿದ ವಿವರಗಳನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ವಯಸ್ಸು 31. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. 26 ವಾರಗಳ ಹೆರಿಗೆ ರಜೆ ಮುಗಿಸಿ ಮರಳಿ ಮೂರು ತಿಂಗಳಾಗಿತ್ತು. ಕೈಚೀಲದಲ್ಲಿ ರಾಜೀನಾಮೆ ಪತ್ರವಿತ್ತು. ತಾರೀಖು ಮಾತ್ರ ಬರೆದಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ನಿದ್ದೆ, ಉಸಿರಾಟ ಎಂದೆಲ್ಲ ಹೇಳಿ ಕಳುಹಿಸಿದೆ. ಎರಡನೆಯ ಸಲ ಬಂದಾಗ, ಹಿಂದಿನ ದಿನ ಏನೇನಾಯಿತೆಂದು ಗಂಟೆಗಂಟೆಯ ಲೆಕ್ಕ ಕೇಳಿದೆ. ಹನ್ನೊಂದೂವರೆಗೆ ಬಂದು ಮಾತು ನಿಂತಿತು. ಆ ಹೊತ್ತಿಗೆ ಅವರು ಶೌಚಾಲಯದಲ್ಲಿ ಬಾಟಲಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು ಎದೆಹಾಲು ಹಿಂಡುತ್ತಿದ್ದರು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಅಲ್ಲಿ ಹಿಂಡಿದ ಹಾಲನ್ನು ಮಗುವಿಗೆ ಕುಡಿಸಲು ಮನಸ್ಸು ಬಾರದೆ ಬೇಸಿನ್ನಿಗೆ ಸುರಿದರಂತೆ. ಸಂಜೆ ಅತ್ತೆ "ಮಗು ಇವತ್ತು ಸರಿಯಾಗಿ ಕುಡಿಯಲಿಲ್ಲ" ಎಂದಿದ್ದೇ ತಡ, ರೇಗಿಬಿಟ್ಟರು.

ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿತ್ತು. ಇವರ ಕಾರ್ಖಾನೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ. ಕೇಳಿದರೆ ನಕ್ಕರು. "ಇದೆ ಮೇಡಂ, ಫಲಕವೂ ಇದೆ. ಒಳಗೆ ಹಳೆಯ ವೋಚರ್ ಕಟ್ಟುಗಳು. ಅವನ್ನು ಅಲ್ಲಿಗೆ ಸಾಗಿಸಿದ ಪಟ್ಟಿಗೆ ಸಹಿ ಹಾಕಿದವಳೂ ನಾನೇ."

ನನ್ನ ಸಲಹೆ ಇಷ್ಟೇ: ರಾಜೀನಾಮೆ ಒಂದು ತಿಂಗಳು ಚೀಲದಲ್ಲೇ ಇರಲಿ. ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ, ಆ ಕೊಠಡಿಯ ಬೀಗದ ಕೈ ಕೇಳಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಹಾಲುಣಿಸುವ ವಿರಾಮ, ಊಟದ ಬಿಡುವಲ್ಲದೆ, ಕಾನೂನಿನಲ್ಲೇ ಇದೆ. ಬಾಯಿಮಾತಲ್ಲಿ ಬೇಡ, ಬರೆದು ಕೊಡಿ; ಕಾಯ್ದೆಯ ಹೆಸರು ಎರಡನೆಯ ಪತ್ರಕ್ಕಿರಲಿ. ಅವರು ಬರೆದು ತಂದ ಕರಡಿನಲ್ಲಿ ನಾಲ್ಕು 'ದಯವಿಟ್ಟು' ಇದ್ದವು. ಒಂದನ್ನು ಉಳಿಸಿಕೊಂಡೆವು.

ಗಂಡನನ್ನೂ ಒಮ್ಮೆ ಕರೆಸಿದೆ. "ನಾನು ಸಹಾಯ ಮಾಡುತ್ತೇನೆ" ಎಂದರು. ಸ್ವಂತ ಮಗುವಿನ ಕೆಲಸಕ್ಕೆ ಸಹಾಯವೆನ್ನುವುದು ನನಗೆ ಹಿಡಿಸದ ಮಾತು. ಬಾಟಲಿ ಕುದಿಸುವುದು, ಬೆಳಗಿನ ಸ್ನಾನ ಎರಡನ್ನೂ ಅವರ ಪಾಲಿಗೇ ವಹಿಸಿದೆ.

ಎರಡನೆಯ ಪತ್ರ ಬೇಕಾಗಲಿಲ್ಲ. ಒಂಬತ್ತನೆಯ ದಿನ ಬೀಗದ ಕೈ ಬಂತು. ಫ್ರಿಜ್ ಬರಲಿಲ್ಲ, ಸುಮಾ ಮನೆಯಿಂದ ಐಸ್ ಚೀಲ ಒಯ್ಯುತ್ತಾರೆ. ಮಗುವನ್ನು ಅಲ್ಲಿಗೆ ಕರೆತಂದು ಬಿಡುವಷ್ಟು ಆ ಕೊಠಡಿ ಇನ್ನೂ ಸಜ್ಜಾಗಿಲ್ಲ. ತಿಂಗಳ ಕೊನೆಯ ಒತ್ತಡದಲ್ಲಿ ಅತ್ತೆಯ ಮೇಲೆ ಒಮ್ಮೆ ರೇಗಿದ್ದೂ ಉಂಟು.

ಕಳೆದ ವಾರ ಫೋನ್ ಮಾಡಿದ್ದರು. ಜೋಡಣೆ ವಿಭಾಗದ ಇನ್ನಿಬ್ಬರು ತಾಯಂದಿರೂ ಕೊಠಡಿ ಕೇಳಿದ್ದಾರಂತೆ. ಬೀಗದ ಕೈಗೆ ಎರಡು ನಕಲು ಮಾಡಿಸಿದ ಖರ್ಚಿನ ವೋಚರನ್ನು ಸುಮಾ ಅವರೇ ಬರೆದರಂತೆ.