ಕಾಡಿಗೆ ಹೋಗಲು ಮಲೆನಾಡೇ ಬೇಕಾ?

ಪ್ರಶ್ನೆ: ಸರ್, ನಾನು ಬೆಳೆದಿದ್ದು ಚಿಂಚೋಳಿ ಕಡೆಯ ಹಳ್ಳಿಯಲ್ಲಿ. ಮುತ್ಯಾ ದನ ಮೇಯಿಸಲು ಹೊರಟರೆ ನಾನೂ ಬುತ್ತಿ ಹಿಡಿದು ಅವರ ಹಿಂದೆ. ಸಂಜೆವರೆಗೂ ಅಡವಿಯಲ್ಲೇ. ಬಾರಿ ಹಣ್ಣು, ಸೀತಾಫಲ, ಕುಡಿಯಲು ಹಳ್ಳದ ನೀರು. ಈಗ ಕಲಬುರಗಿಯಲ್ಲಿ ಮನೆ, ಕೆಲಸ, ಇಬ್ಬರು ಮಕ್ಕಳು. ಕಾಡಲ್ಲಿ ನಡೆಯುವ ಹುಚ್ಚು ಮಾತ್ರ ಬಿಟ್ಟಿಲ್ಲ. ನಮ್ಮ ಮನೆಯವರು, "ಇಲ್ಲೆಲ್ಲಿ ಕಾಡು? ರಜೆಗೆ ಚಿಕ್ಕಮಗಳೂರಿಗೆ ಹೋಗೋಣ ಬಿಡು" ಅಂತಾರೆ. ಏನು ಮಾಡಲಿ?
— ಓದುಗರು, ಕಲಬುರಗಿ

ಉತ್ತರ: ಚಿಕ್ಕಮಗಳೂರಿಗೂ ಹೋಗಿ ಬನ್ನಿ ತಂಗಿ, ಯಾರು ಬೇಡ ಅಂದ್ರು? ಆದರೆ ಮುತ್ಯಾನ ಅಡವಿ ಎಲ್ಲೂ ಹೋಗಿಲ್ಲ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 134 ಚದರ ಕಿಲೋಮೀಟರ್. ಸಾಗವಾನಿ ಇದೆ, ಶ್ರೀಗಂಧ ಇದೆ, ರಕ್ತಚಂದನವೂ ಇದೆ. ತೋಳ, ಕತ್ತೆಕಿರುಬ, ನರಿಗಳ ಊರು ಅದು. ಚಂದ್ರಂಪಳ್ಳಿ ಕೆರೆಯ ಸುತ್ತ, ಕುಂಚಾವರಂ ಕಡೆಯ ಗುಡ್ಡಗಳಲ್ಲಿ ಲಂಬಾಣಿ ತಾಂಡಾಗಳೂ ಇವೆ, ಅಲ್ಲಿನ ಜನರಿಗೆ ಆ ಕಾಡು ನಮಗಿಂತ ಚೆನ್ನಾಗಿ ಗೊತ್ತು.

"ಇಲ್ಲೆಲ್ಲಿ ಕಾಡು" ಅನ್ನೋರು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ನೋಡಿದವರು. ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿರುತ್ತವೆ, ಮರ ಸತ್ತಿದೆ ಅಂದುಕೊಳ್ತಾರೆ. ಸತ್ತಿಲ್ಲ. ಎಲೆ ಇದ್ದಷ್ಟೂ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ, ಬೇಸಿಗೆಯಲ್ಲಿ ಅಷ್ಟು ನೀರು ತರೋದು ಎಲ್ಲಿಂದ, ಅದಕ್ಕೇ ಮರ ಎಲೆಯನ್ನೇ ಬಿಟ್ಟುಬಿಡುತ್ತದೆ. ಅದೇ ಹೊತ್ತಿಗೆ ಒಂದೂ ಎಲೆಯಿಲ್ಲದ ಮುತ್ತಲ ಮರ ಕೆಂಪಗೆ ಹೂ ಬಿಡುತ್ತದೆ. ಅದರ ಮೇಲೆ ಹಕ್ಕಿಗಳ ಗದ್ದಲ ನೋಡಬೇಕು ನೀವು! ಚಿಂಚೋಳಿ ಕಡೆಯದೇ ಆದ ಎತ್ತಿಪೋತ ಜಲಪಾತಕ್ಕೆ ಮಾತ್ರ ಮಳೆಗಾಲ ಇಲ್ಲವೇ ಅದು ಮುಗಿದ ಕೂಡಲೇ ಹೋಗಿ, ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ ನೋಡಿ ಬರಬೇಕಾದೀತು. ನಡೆಯಲು ನವೆಂಬರ್‌ನಿಂದ ಫೆಬ್ರವರಿ ಚೆನ್ನ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ, ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ.

ಧಾಮದೊಳಗೆ ಸುಮ್ನೆ ನುಗ್ಗುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲೇ ವಿಚಾರಿಸಿ, ಸಿಬ್ಬಂದಿ ಅಥವಾ ಸ್ಥಳೀಯರೊಬ್ಬರ ಜೊತೆಗೇ ನಡೆಯಿರಿ. ಒಳಗೆ ಹಣ್ಣು ಕೀಳೋದೂ ಬೇಡ. ಮಕ್ಕಳಿಗೆ ಬಾರಿ ಹಣ್ಣಿನ ರುಚಿ ತೋರಿಸಬೇಕು ಅಂದರೆ ಎಳ್ಳಮಾವಾಸ್ಯೆಗೆ ಊರಿಗೆ ಕರೆದುಕೊಂಡು ಹೋಗಿ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆಯಾಗಿ ಆ ಅಡುಗೆಯನ್ನು ಹೊಲದಲ್ಲಿ ಎರಚಿ. ಊಟ ಮುಗಿದ ಮೇಲೆ ಫೋನ್ ಕಸಿದುಕೊಂಡು ಹಳ್ಳದ ದಂಡೆಗೆ ಬಿಡಿ, ಉಳಿದದ್ದು ಅವರೇ ನೋಡಿಕೊಳ್ತಾರೆ.

ಪ್ರಶ್ನೆ: ನನಗೂ ಅಡವಿ ಇಷ್ಟ, ಆದರೆ ಹಾವಿನ ಭಯ. ಉಪಾಯ ಹೇಳಿ.
— ಓದುಗರು, ಯಾದಗಿರಿ

ಉತ್ತರ: ಭಯ ಇರಲಿ, ಒಳ್ಳೆಯದೇ. ಕಲ್ಲುಗುಡ್ಡದ ಒಣ ಜಾಗ ಗರಗಸ ಮಂಡಲಕ್ಕೆ ಬಲು ಇಷ್ಟ, ಸಣ್ಣ ಹಾವು, ಮಣ್ಣಿನ ಬಣ್ಣ, ಕಣ್ಣಿಗೇ ಬೀಳೋದಿಲ್ಲ. ಚಪ್ಪಲಿ ಬಿಟ್ಟು ಬೂಟು ಹಾಕಿ. ಕಲ್ಲಿನ ಸಂದಿಗೆ, ಪೊದೆಗೆ ಕೈ ಹಾಕಬೇಡಿ. ಕತ್ತಲಾದರೆ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ, ಮಂತ್ರ ಹಾಕುವವರ ಮನೆಗಲ್ಲ.

ಪ್ರಶ್ನೆ: ನಮ್ಮೂರ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಬರುತ್ತವೆ. ಅವಕ್ಕೆ ನೆರಳಾಗಲಿ ಅಂತ ಗಿಡ ನೆಡಬೇಕೆಂದು ಗೆಳೆಯರೆಲ್ಲ ಸೇರಿದ್ದೇವೆ. ಸರಿ ಅಲ್ವಾ?
— ಓದುಗರು, ಬೀದರ್

ಉತ್ತರ: ದಯವಿಟ್ಟು ಬೇಡ. ಕೃಷ್ಣಮೃಗಕ್ಕೆ ಬಯಲೇ ಮನೆ. ತೋಳ ಬರೋದು ದೂರದಿಂದಲೇ ಕಾಣಬೇಕು, ಓಡಲು ಜಾಗ ಬೇಕು. ಮರ ತುಂಬಿದರೆ ಹುಲ್ಲೂ ಹೋಗುತ್ತದೆ, ಅವೂ ಹೋಗುತ್ತವೆ. ಆ ಸಸಿಗಳನ್ನು ಶಾಲೆ ಅಂಗಳದಲ್ಲೋ ರಸ್ತೆ ಬದಿಯಲ್ಲೋ ನೆಡಿ.