ದಾಳಿಂಬೆ ಸಿಪ್ಪೆಯ ಸಾರಕ್ಕೆ ಎಂಆರ್‌ಎಸ್‌ಎ ಮೇಲೆ 18 ಮಿಮೀ ಜೋನ್ ಬಂದಿದೆ. ಅದು ಜೆಂಟಾಮೈಸಿನ್‌ನಷ್ಟೇ ಪರಿಣಾಮಕಾರಿ ಎಂದು ಬರೆಯಬಹುದೇ?

ಪ್ರಶ್ನೆ: ಸ್ನಾತಕೋತ್ತರ ಪ್ರಾಜೆಕ್ಟ್‌ಗಾಗಿ ಒಣಗಿದ ದಾಳಿಂಬೆ ಸಿಪ್ಪೆಯ ಮೆಥನಾಲ್ ಸಾರವನ್ನು (100 ಮಿಗ್ರಾಂ/ಮಿಲೀ, ಅಗಾರ್‌ನಲ್ಲಿ ಕೊರೆದ ಗುಳಿಗೆ, ಅಂದರೆ ವೆಲ್‌ಗೆ 100 ಮೈಕ್ರೋಲೀಟರ್) ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ) ಮೇಲೆ ಪರೀಕ್ಷಿಸಿದೆ. ಜೋನ್ (ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ಅಗಲ) 18 ಮಿಮೀ ಬಂತು, ಜೆಂಟಾಮೈಸಿನ್ 10 ಮೈಕ್ರೋಗ್ರಾಂ ಡಿಸ್ಕ್‌ಗೆ 20 ಮಿಮೀ. ಸಾರ ಆಂಟಿಬಯೋಟಿಕ್‌ಗೆ ಸಮ ಎನ್ನಬಹುದೇ? ಮುಂದೆ ಯಾವ ಪ್ರಯೋಗ ಮಾಡಬೇಕು?

ಉತ್ತರ:

ಹಾಗೆ ಬರೆಯಬೇಡಿ. ಮೊದಲು ಒಂದು ಸರಳ ಲೆಕ್ಕ ಮಾಡೋಣ. 100 ಮಿಗ್ರಾಂ/ಮಿಲೀ ಸಾರವನ್ನು 100 ಮೈಕ್ರೋಲೀಟರ್ ಹಾಕಿದರೆ ವೆಲ್‌ಗೆ ಬಿದ್ದದ್ದು 10 ಮಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಡಿಸ್ಕ್‌ನಲ್ಲಿದ್ದ ಜೆಂಟಾಮೈಸಿನ್ 10 ಮೈಕ್ರೋಗ್ರಾಂ. ಸಾವಿರ ಪಟ್ಟು ಹೆಚ್ಚು ಹಾಕಿದ ಮೇಲೆ ಹೆಚ್ಚೂಕಡಿಮೆ ಅಷ್ಟೇ ಜೋನ್ ಬಂದಿದೆ. ಸಾರದಲ್ಲಿ ನೂರಾರು ಸಂಯುಕ್ತಗಳಿರುತ್ತವೆ, ಕೆಲಸ ಮಾಡುವುದು ಅದರಲ್ಲಿ ಸ್ವಲ್ಪವೇ ಇರಬಹುದು ಎಂಬುದು ನಿಜ. ಆದರೂ ‘ಸಮ’ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಇನ್ನೂ ಮುಖ್ಯವಾದ ತೊಡಕು ಕಂಟ್ರೋಲ್‌ನ (ಹೋಲಿಕೆಗೆ ಇಟ್ಟ ಔಷಧಿಯ) ಆಯ್ಕೆಯಲ್ಲಿದೆ. ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ ಜೆಂಟಾಮೈಸಿನ್ ಜೋನ್ 15 ಮಿಮೀ ಅಥವಾ ಹೆಚ್ಚು ಬಂದರೆ ಸಿಎಲ್‌ಎಸ್‌ಐ (ಪ್ರಯೋಗಾಲಯ ಪರೀಕ್ಷೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡದಲ್ಲಿ ಅದು ಸಂವೇದಿ. ನಿಮಗೆ ಬಂದದ್ದು 20. ಅಂದರೆ ನಿಮ್ಮ ತಳಿಗೆ ಜೆಂಟಾಮೈಸಿನ್ ವಿರುದ್ಧ ಪ್ರತಿರೋಧವೇ ಇಲ್ಲ. ಎಂಆರ್‌ಎಸ್‌ಎಯ ಪ್ರತಿರೋಧ ಇರುವುದು ಮೆಕ್‌ಎ ಜೀನ್‌ನಿಂದ ತಯಾರಾಗುವ ಪಿಬಿಪಿ2ಎ ಎಂಬ ಪ್ರೋಟೀನ್‌ನಲ್ಲಿ. ಬೀಟಾ-ಲ್ಯಾಕ್ಟಮ್ ಔಷಧಿಗಳು (ಪೆನ್ಸಿಲಿನ್, ಮೆಥಿಸಿಲಿನ್‌ನಂಥವು) ಅದಕ್ಕೆ ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಔಷಧಿ ಇದ್ದರೂ ಕೋಶಭಿತ್ತಿ ಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ. ಪ್ಲೇಟ್‌ನಲ್ಲಿ ಇರಬೇಕಾದದ್ದು ಇದೇ ಗುಂಪಿನ, 30 ಮೈಕ್ರೋಗ್ರಾಂನ ಸೆಫಾಕ್ಸಿಟಿನ್ ಡಿಸ್ಕ್. ಜೋನ್ 21 ಮಿಮೀ ಅಥವಾ ಕಡಿಮೆ ಬಂದರೆ ಮೆಥಿಸಿಲಿನ್ ಪ್ರತಿರೋಧಿ, 22 ಮತ್ತು ಮೇಲಾದರೆ ಅಲ್ಲ. ತಳಿಯನ್ನು ಮತ್ತೆ ಮತ್ತೆ ಅಗಾರ್ ಮೇಲೆ ಗೀಚಿ ಉಳಿಸಿಕೊಂಡು ಬಂದಿದ್ದರೆ ಈ ಪರೀಕ್ಷೆಯನ್ನು ಬಿಡಲೇಬೇಡಿ, ಏಕೆಂದರೆ ಪ್ರತಿರೋಧದ ಜೀನ್‌ಗಳು, ಅದರಲ್ಲೂ ಪ್ಲಾಸ್ಮಿಡ್ ಮೇಲಿರುವಂಥವು, ಉಪಕೃಷಿ ಮಾಡುತ್ತಾ ಹೋದಂತೆ ಕಳೆದುಹೋಗಬಹುದು. 20% ಗ್ಲಿಸರಾಲ್‌ನಲ್ಲಿ −80 ಡಿಗ್ರಿಯಲ್ಲಿಟ್ಟ ಸ್ಟಾಕ್‌ನಿಂದ ಪ್ರತಿ ಸಲ ಹೊಸದಾಗಿ ಬೆಳೆಸಿಕೊಳ್ಳಿ. ಹೋಲಿಕೆಗೆ ಎಟಿಸಿಸಿ ಸಂಗ್ರಹದ ಪ್ರಮಾಣಿತ ತಳಿಗಳಾದ 43300 (ಮೆಥಿಸಿಲಿನ್ ಪ್ರತಿರೋಧಿ) ಮತ್ತು 29213 (ಸಂವೇದಿ) ಎರಡೂ ಪಕ್ಕದಲ್ಲಿರಲಿ.

ಜೋನ್‌ನ ಅಳತೆಗೇ ಒಂದು ಮಿತಿ ಇದೆ. ಅದು ಬೆಳವಣಿಗೆ ತಡೆಯುವ ಶಕ್ತಿಯ ಜೊತೆಗೆ ಅಗಾರ್‌ನಲ್ಲಿ ಹರಡುವ ಶಕ್ತಿಯನ್ನೂ ಅಳೆಯುತ್ತದೆ. ದೊಡ್ಡ ಅಣುಗಳು, ಎಣ್ಣೆಯಂಶದ ಅಣುಗಳು ನೀರಿನ ಅಗಾರ್‌ನಲ್ಲಿ ಮುಂದೆ ಸಾಗುವುದಿಲ್ಲ. ವ್ಯಾಂಕೋಮೈಸಿನ್‌ನಂಥ ಪ್ರಬಲ ಔಷಧಿಗೂ ಇದೇ ಗತಿ: ಅಣು ದೊಡ್ಡದು, ನಿಧಾನವಾಗಿ ಹರಡುತ್ತದೆ, ಹಾಗಾಗಿ ಸ್ಟ್ಯಾಫ್ ಆರಿಯಸ್‌ಗೆ ಅದರ ಡಿಸ್ಕ್ ಪರೀಕ್ಷೆಯನ್ನೇ ನಂಬುವುದಿಲ್ಲ, ಎಂಐಸಿ (ಬೆಳವಣಿಗೆ ತಡೆಯುವ ಅತಿ ಕಡಿಮೆ ಸಾಂದ್ರತೆ) ನೋಡುತ್ತಾರೆ. ಶುದ್ಧ ಔಷಧಿಗೇ ಹೀಗಾದರೆ ಸಂಯೋಜನೆಯೇ ಗೊತ್ತಿಲ್ಲದ ಸಾರದ ಮಿಲಿಮೀಟರ್‌ಗಳನ್ನು ಔಷಧಿಯ ಮಿಲಿಮೀಟರ್‌ಗಳ ಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಈಗಿನ ಫಲಿತಾಂಶಕ್ಕೆ ಇಷ್ಟು ಬರೆದರೆ ಸಾಕು: ‘ವೆಲ್‌ಗೆ 10 ಮಿಗ್ರಾಂ ಪ್ರಮಾಣದಲ್ಲಿ ಸಾರವು ಈ ತಳಿಯ ಬೆಳವಣಿಗೆಯನ್ನು ತಡೆದಿದೆ.’ ಅದು ಪ್ರಾಥಮಿಕ ಶೋಧ. ಅದಕ್ಕೂ ಬೆಲೆಯಿದೆ.

ಮುಂದಿನ ಪ್ರಯೋಗ ಎಂಐಸಿ, ಅಂದರೆ ಕನಿಷ್ಠ ಪ್ರತಿಬಂಧಕ ಸಾಂದ್ರತೆ. 96 ವೆಲ್‌ಗಳ ಪ್ಲೇಟ್‌ನಲ್ಲಿ. ಅದಕ್ಕೆ ಮೊದಲು ಸಾರ ಸರಿಯಾಗಿರಬೇಕು. ಸಿಪ್ಪೆಯನ್ನು ನೆರಳಿನಲ್ಲಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, 20 ಗ್ರಾಂ ಪುಡಿಗೆ 200 ಮಿಲೀ 80% ಮೆಥನಾಲ್ ಹಾಕಿ 48 ಗಂಟೆ ಶೇಕರ್ ಮೇಲಿಡಿ. ಸೋಸಿ, ರೋಟರಿ ಇವಾಪರೇಟರ್‌ನಲ್ಲಿ 40 ಡಿಗ್ರಿ ಮೀರದಂತೆ ಮೆಥನಾಲ್ ತೆಗೆಯಿರಿ. ಉಳಿದ ನೀರನ್ನು ಫ್ರೀಜ್ ಡ್ರೈಯರ್‌ನಲ್ಲಿ ತೆಗೆಯಿರಿ. ಮೆಥನಾಲ್ ಸ್ವಲ್ಪ ಉಳಿದರೂ ಅದೇ ಬ್ಯಾಕ್ಟೀರಿಯಾವನ್ನು ತಡೆದು ನಿಮ್ಮನ್ನು ದಾರಿ ತಪ್ಪಿಸುತ್ತದೆ, ಆದ್ದರಿಂದ ತೂಕ ಸ್ಥಿರವಾಗುವವರೆಗೆ ಒಣಗಿಸಿ. ಸಿಕ್ಕ ಸಾರದ ತೂಕವನ್ನು ಶೇಕಡಾವಾರು ಬರೆದಿಡಿ, −20ರಲ್ಲಿ ಬೆಳಕು ತಾಗದಂತೆ ಇಡಿ. ಸಸ್ಯದ ಒಂದು ಮಾದರಿಯನ್ನು ಹರ್ಬೇರಿಯಂನಲ್ಲಿ ಗುರುತಿಸಿ ಸಂಖ್ಯೆ ಪಡೆಯಿರಿ. ಇದಿಲ್ಲದಿದ್ದರೆ ಮುಂದೆ ಯಾರೂ ನಿಮ್ಮ ಕೆಲಸವನ್ನು ಪುನರಾವರ್ತಿಸಲಾರರು.

ಈಗ ಪ್ಲೇಟ್. ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 100 ಮಿಗ್ರಾಂ/ಮಿಲೀ ಕರಗಿಸಿ, ಅದನ್ನು ಕ್ಯಾಟಯಾನ್ ಹೊಂದಿಸಿದ ಮ್ಯುಲರ್-ಹಿಂಟನ್ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) 50 ಪಟ್ಟು ತೆಳುಗೊಳಿಸಿ. ಅದು 2 ಮಿಗ್ರಾಂ/ಮಿಲೀ, ಡಿಎಂಎಸ್‌ಒ 2%. ಈ ಹಂತದಲ್ಲಿ ಸಾರ ಮೊಸರಿನಂತೆ ಒಡೆದು ತಳಕ್ಕಿಳಿದರೆ ಮುಂದೆ ಹೋಗಬೇಡಿ. ಕರಗದೇ ಉಳಿದದ್ದಕ್ಕೆ ಸಾಂದ್ರತೆ ಎಂಬುದೇ ಇರುವುದಿಲ್ಲ. ಮೊದಲನೇ ವೆಲ್‌ಗೆ ಈ ದ್ರಾವಣ 200 ಮೈಕ್ರೋಲೀಟರ್, 2ರಿಂದ 10ರವರೆಗೆ ಬರೀ ಬ್ರಾತ್ 100 ಮೈಕ್ರೋಲೀಟರ್. ಮೊದಲನೆಯದರಿಂದ 100 ತೆಗೆದು ಎರಡನೆಯದಕ್ಕೆ, ಕಲೆಸಿ ಅಲ್ಲಿಂದ 100 ಮೂರನೆಯದಕ್ಕೆ, ಹೀಗೆ ಹತ್ತರವರೆಗೆ ಹೋಗಿ ಕೊನೆಯ 100 ಅನ್ನು ಚೆಲ್ಲಿ. ಪ್ರತಿ ವೆಲ್‌ಗೂ ಟಿಪ್ ಬದಲಿಸಿ. ಒಂದೇ ಟಿಪ್ ಬಳಸಿದರೆ ಗೋಡೆಗೆ ಅಂಟಿದ ಸಾರ ಮುಂದಕ್ಕೆ ಸಾಗಿ, ಎಂಐಸಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಬ್ಯಾಕ್ಟೀರಿಯಾಕ್ಕೆ 0.5 ಮ್ಯಾಕ್‌ಫರ್ಲಂಡ್ (ಕದಡಿನ ಪ್ರಮಾಣಿತ ಅಳತೆ) ಮಾಡಿ. 625 ನ್ಯಾನೋಮೀಟರ್‌ನಲ್ಲಿ ಓಡಿ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 0.08ರಿಂದ 0.13 ಇರಬೇಕು, ಮಿಲೀಗೆ ಸುಮಾರು 15 ಕೋಟಿ ಕೋಶಗಳು. ಅದನ್ನು 150 ಪಟ್ಟು ತೆಳುಗೊಳಿಸಿದರೆ 10 ಲಕ್ಷ. ಪ್ರತಿ ವೆಲ್‌ಗೆ 100 ಮೈಕ್ರೋಲೀಟರ್ ಸೇರಿಸಿದಾಗ ಅಂತಿಮ ಸಂಖ್ಯೆ ಮಿಲೀಗೆ 5 ಲಕ್ಷ, ಮೊದಲ ವೆಲ್‌ನ ಸಾರ 1000 ಮೈಕ್ರೋಗ್ರಾಂ/ಮಿಲೀ, ಹತ್ತನೆಯದರಲ್ಲಿ ಸುಮಾರು 2, ಡಿಎಂಎಸ್‌ಒ 1% ಮೀರುವುದಿಲ್ಲ. ಮ್ಯಾಕ್‌ಫರ್ಲಂಡ್ ಮಾಡಿದ ಮೇಲೆ 15 ನಿಮಿಷದೊಳಗೆ ಬಳಸಿ, ಬೆಳವಣಿಗೆಯ ವೆಲ್‌ನಿಂದ (ಮುಂದೆ ಹೇಳುವ 11ನೆಯದು) ಒಂದಿಷ್ಟು ತೆಗೆದು ಅಗಾರ್ ಮೇಲೆ ಹರಡಿ ಎಣಿಸಿ. ಕೋಶಗಳು ಹೆಚ್ಚಾದರೆ ಎಂಐಸಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. 11ನೇ ವೆಲ್ 1% ಡಿಎಂಎಸ್‌ಒ ಮತ್ತು ಬ್ಯಾಕ್ಟೀರಿಯಾ, 12ನೆಯದು ಬರೀ ಬ್ರಾತ್. ಇನ್ನೊಂದು ಸಾಲಿನಲ್ಲಿ ಬ್ಯಾಕ್ಟೀರಿಯಾ ಇಲ್ಲದೆ ಸಾರವನ್ನು ಮಾತ್ರ ಇದೇ ಕ್ರಮದಲ್ಲಿ ತೆಳುಗೊಳಿಸಿ. ಈ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ, ಅಲ್ಲೇ ಎಡವುತ್ತಾರೆ. 35 ಡಿಗ್ರಿಯಲ್ಲಿ 16ರಿಂದ 20 ಗಂಟೆ.

ಸಿಪ್ಪೆಯ ಸಾರ ಕಂದು ಬಣ್ಣದ್ದು, ಬರಿಗಣ್ಣಿಗೆ ಕದಡು ಕಾಣುವುದಿಲ್ಲ. ಅದಕ್ಕೇ ರೆಸಾಜುರಿನ್ ಎಂಬ ನೀಲಿ ಸೂಚಕ ಹಾಕುತ್ತಾರೆ: 0.015%, ವೆಲ್‌ಗೆ 30 ಮೈಕ್ರೋಲೀಟರ್, 2ರಿಂದ 4 ಗಂಟೆ. ಜೀವಂತ ಕೋಶವಿದ್ದರೆ ನೀಲಿ ಹೋಗಿ ಗುಲಾಬಿ. ಆದರೆ ದಾಳಿಂಬೆ ಸಿಪ್ಪೆಯಂಥ ಉತ್ಕರ್ಷಣ ನಿರೋಧಕಗಳು ತುಂಬಿದ ಸಾರ ತಾನೇ ರೆಸಾಜುರಿನ್ ಅನ್ನು ಗುಲಾಬಿಗೆ ತಿರುಗಿಸಬಲ್ಲದು, ಒಂದೂ ಬ್ಯಾಕ್ಟೀರಿಯಾ ಇಲ್ಲದೆ. ಆಗ ಅತಿ ಹೆಚ್ಚು ಸಾರವಿರುವ ವೆಲ್‌ಗಳು ಗುಲಾಬಿ, ನಡುವಿನವು ನೀಲಿ, ಕೊನೆಯವು ಮತ್ತೆ ಗುಲಾಬಿ ಕಾಣುತ್ತವೆ. ಬ್ಯಾಕ್ಟೀರಿಯಾ ಇಲ್ಲದ ಸಾಲಿನಲ್ಲೂ ಮೊದಲ ವೆಲ್‌ಗಳು ಗುಲಾಬಿಯಾಗಿದ್ದರೆ ಬಣ್ಣವನ್ನು ನಂಬದೆ, ಪ್ರತಿ ವೆಲ್‌ನಿಂದ 10 ಮೈಕ್ರೋಲೀಟರ್ ತೆಗೆದು ಸಾರವಿಲ್ಲದ ಅಗಾರ್ ಮೇಲೆ ಇಟ್ಟು ಬೆಳೆಸಿ ನೋಡಿ. ಈ ಚುಕ್ಕಿಗಳು ಕೋಶ ಸತ್ತಿದೆಯೋ ಬರೀ ತಡೆದು ನಿಂತಿದೆಯೋ ಎಂಬ ಸುಳಿವನ್ನೂ ಕೊಡುತ್ತವೆ. ಕೊಲ್ಲುತ್ತದೆ ಎಂದು ಬರೆಯಬೇಕಾದರೆ 24 ಗಂಟೆಯಲ್ಲಿ ಕೋಶಗಳ ಸಂಖ್ಯೆ ಸಾವಿರ ಪಟ್ಟು ಇಳಿದದ್ದನ್ನು ಎಣಿಸಿ ತೋರಿಸಬೇಕು.

ಎಂಐಸಿ ಬಂತು ಎಂದಿಟ್ಟುಕೊಳ್ಳಿ. ಇದು ನಿಜವಾದ ಔಷಧಿ ಗುಣವೇ, ಇಲ್ಲ ಪರಿಸರ ಕೆಡಿಸಿದ್ದರ ಫಲವೇ? ದಾಳಿಂಬೆ ಸಿಪ್ಪೆಗೆ ಈ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ಅದರ ತುಂಬ ಪ್ಯುನಿಕಲಾಜಿನ್ ಮೊದಲಾದ ಟ್ಯಾನಿನ್‌ಗಳು. ಟ್ಯಾನಿನ್ ಎದುರಿಗೆ ಸಿಕ್ಕ ಪ್ರೋಟೀನ್‌ಗೆ ಅಂಟುತ್ತದೆ, ಬ್ರಾತ್‌ನಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತದೆ. ಪಾಲಿಫೀನಾಲ್‌ಗಳು ಬ್ರಾತ್‌ನಲ್ಲಿ ತಾವೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟಿಸುತ್ತವೆ. ಮೇಲಾಗಿ ಸಾರ ಹುಳಿ. ಮೊದಲು 1000 ಮೈಕ್ರೋಗ್ರಾಂ ವೆಲ್‌ನ ದ್ರಾವಣದ ಪಿಎಚ್ ಅಳೆಯಿರಿ, 7.2ಕ್ಕಿಂತ ಕೆಳಗಿದ್ದರೆ ಸರಿಪಡಿಸಿ ಮತ್ತೆ ಮಾಡಿ. ಆಮೇಲೆ ಮೂರು ಸಮಾಂತರ ಸಾಲುಗಳು: ಒಂದಕ್ಕೆ ಪೆರಾಕ್ಸೈಡ್ ಒಡೆಯುವ ಕಿಣ್ವ ಕ್ಯಾಟಲೇಸ್, ಒಂದಕ್ಕೆ ಕಬ್ಬಿಣದ ಲವಣ, ಒಂದರಲ್ಲಿ ಟ್ಯಾನಿನ್ ತೆಗೆದ ಸಾರ. ಟ್ಯಾನಿನ್ ತೆಗೆಯಲು ನೀರಿನಲ್ಲಿ ಕರಗಿಸಿದ 1 ಮಿಲೀ ಸಾರಕ್ಕೆ 100 ಮಿಗ್ರಾಂ ಪಾಲಿವಿನೈಲ್‌ಪಾಲಿಪಿರೊಲಿಡೋನ್ ಹಾಕಿ, 4 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಬಳಸಿ. ಟ್ಯಾನಿನ್ ಹೋದೊಡನೆ ಪರಿಣಾಮವೂ ಹೋದರೆ ಕೆಲಸ ಮಾಡಿದ್ದು ಟ್ಯಾನಿನ್ ಎಂದಾಯಿತು. ಅದು ನಾಚಿಕೆಯ ವಿಷಯವಲ್ಲ, ಆದರೆ ಹಾಗೆಂದೇ ಬರೆಯಬೇಕು. ಸಾರವನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಶುದ್ಧಿ ಮಾಡುವಾಗಲೂ ಜಾಗ್ರತೆ, ಟ್ಯಾನಿನ್ ಪೊರೆಗೆ ಅಂಟಿ ಉಳಿದು ಸಾಂದ್ರತೆ ನಿಮ್ಮ ಲೆಕ್ಕಕ್ಕಿಂತ ಕಡಿಮೆಯಾಗಬಹುದು.

ಸಂಖ್ಯೆಯನ್ನು ಓದುವುದು ಹೇಗೆ? ಕಚ್ಚಾ ಸಾರಕ್ಕೆ 100 ಮೈಕ್ರೋಗ್ರಾಂ/ಮಿಲೀಗಿಂತ ಕಡಿಮೆ ಎಂಐಸಿ ಬಂದರೆ ಗಮನಾರ್ಹ, 100ರಿಂದ 625 ಮಧ್ಯಮ, ಅದಕ್ಕೂ ಮೇಲೆ ದುರ್ಬಲ ಎಂಬ ವಿಂಗಡಣೆ ಬಳಕೆಯಲ್ಲಿದೆ. ಎಷ್ಟೋ ಪ್ರಬಂಧಗಳಲ್ಲಿ 5 ಮಿಗ್ರಾಂ, 25 ಮಿಗ್ರಾಂ ಎಂಐಸಿಯನ್ನೂ ‘ಪ್ರಬಲ’ ಎಂದು ಬರೆದಿರುತ್ತಾರೆ. ಆ ಪ್ರಮಾಣ ರಕ್ತದಲ್ಲಿ ಎಂದೂ ಬರಲಾರದು. ನೀವು ಆ ಸಾಲಿಗೆ ಸೇರಬೇಡಿ. ಎಂಐಸಿ ಎರಡೆರಡು ಪಟ್ಟಿನ ಮೆಟ್ಟಿಲುಗಳಲ್ಲಿ ಬರುವ ಅಳತೆಯಾದ್ದರಿಂದ ಸರಾಸರಿ ಮತ್ತು ಎಸ್‌ಡಿ (ಪ್ರಮಾಣಿತ ವಿಚಲನೆ) ಕೊಡಬೇಡಿ. ಬೇರೆ ಬೇರೆ ದಿನ, ಹೊಸ ಕೃಷಿಯಿಂದ ಮಾಡಿದ ಮೂರು ಪ್ರಯೋಗಗಳ ಬೆಲೆಗಳನ್ನು ಹಾಗೆಯೇ ಕೊಡಿ. ಒಂದೇ ಪ್ಲೇಟ್‌ನ ಮೂರು ಸಾಲು ಮೂರು ಪ್ರಯೋಗವಲ್ಲ.

ಇದೇ ಸಾರವನ್ನು ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್ ಮೇಲೆ ಹಾಕಿದಾಗ ಏನೂ ಆಗದಿದ್ದರೆ ನಿರಾಶರಾಗಬೇಡಿ. ಗ್ರಾಂ-ನೆಗೆಟಿವ್‌ಗಳ ಹೊರಪೊರೆ ಒಳಬರುವುದನ್ನು ತಡೆಯುತ್ತದೆ, ಒಳಬಂದದ್ದನ್ನು ಅಕ್ರ್‌ಎಬಿ-ಟೋಲ್‌ಸಿ, ಮೆಕ್ಸ್‌ಎಬಿ-ಓಪಿಆರ್‌ಎಂ ಪಂಪ್‌ಗಳು ಹೊರದೂಡುತ್ತವೆ. ಪಂಪ್‌ನ ಮಹತ್ವವನ್ನು ಸ್ಟ್ಯಾಫ್ ಆರಿಯಸ್‌ನಲ್ಲೇ ಸೊಗಸಾಗಿ ತೋರಿಸಿದ್ದು 2000ದಲ್ಲಿ ಪ್ರಕಟವಾದ ಬರ್ಬೆರಿಸ್ ಗಿಡದ ಅಧ್ಯಯನ. ಬರ್ಬೆರಿನ್ ಒಂದೇ ಆದರೆ ನಾರ್‌ಎ ಪಂಪ್ ಅದನ್ನು ಹೊರಹಾಕುತ್ತದೆ. ಆದರೆ ಅದೇ ಗಿಡದಲ್ಲಿರುವ 5′-ಮೆಥಾಕ್ಸಿಹೈಡ್ನೊಕಾರ್ಪಿನ್, ತಾನಾಗಿ ಬ್ಯಾಕ್ಟೀರಿಯಾವನ್ನು ತಡೆಯದಿದ್ದರೂ, ಪಂಪ್ ಅನ್ನು ಮುಚ್ಚಿ ಬರ್ಬೆರಿನ್‌ಗೆ ದಾರಿ ಮಾಡಿಕೊಡುತ್ತದೆ.

ನನ್ನ ಮಟ್ಟಿಗೆ ಔಷಧೀಯ ಸಸ್ಯಗಳ ಮೇಲಿನ ಹೆಚ್ಚಿನ ಭರವಸೆ ಇರುವುದು ಇಲ್ಲಿಯೇ. ಸಾರ ಆಂಟಿಬಯೋಟಿಕ್‌ನ ಜಾಗ ಹಿಡಿಯಬೇಕಿಲ್ಲ. ಸೋತ ಆಂಟಿಬಯೋಟಿಕ್ ಮತ್ತೆ ಕೆಲಸ ಮಾಡುವಂತೆ ಮಾಡಿದರೆ ಅದೇ ದೊಡ್ಡದು. ಚಹಾದ ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್ ಎಂಆರ್‌ಎಸ್‌ಎ ಮೇಲೆ ಬೀಟಾ-ಲ್ಯಾಕ್ಟಮ್‌ಗಳ ಎಂಐಸಿಯನ್ನು ಪ್ರಯೋಗಾಲಯದಲ್ಲಿ ಇಳಿಸುವುದು ಗೊತ್ತಿರುವ ಸಂಗತಿ. ಆದ್ದರಿಂದ ನಿಮ್ಮ ಪ್ರಾಜೆಕ್ಟ್‌ನಲ್ಲಿ ಸಮಯ ಒಂದೇ ದೊಡ್ಡ ಪ್ರಯೋಗಕ್ಕೆ ಉಳಿದಿದ್ದರೆ ಆಕ್ಸಾಸಿಲಿನ್ (ಮೆಥಿಸಿಲಿನ್‌ನಂಥ ಬೀಟಾ-ಲ್ಯಾಕ್ಟಮ್) ಜೊತೆ ಚೆಕರ್‌ಬೋರ್ಡ್ ಮಾಡಿ. ಅಡ್ಡಕ್ಕೆ ಆಕ್ಸಾಸಿಲಿನ್, ಉದ್ದಕ್ಕೆ ಸಾರ, ಎರಡೂ ತಮ್ಮ ಎಂಐಸಿಯಿಂದ ಅರ್ಧರ್ಧ ಇಳಿಯುತ್ತಾ ಹೋಗಲಿ. ಆಕ್ಸಾಸಿಲಿನ್‌ಗೆ ಬ್ರಾತ್‌ನಲ್ಲಿ 2% ಉಪ್ಪು ಬೇಕು, ಉಷ್ಣತೆ 35 ಮೀರಬಾರದು, ಪೂರ್ತಿ 24 ಗಂಟೆ ಕಾಯಬೇಕು. ಇಲ್ಲದಿದ್ದರೆ ಪ್ರತಿರೋಧ ಅಡಗಿ ಕುಳಿತು, ಸಾರದ ಸಾಧನೆಯಂತೆ ಕಾಣುತ್ತದೆ. ಲೆಕ್ಕ ಹೀಗೆ: ಉದಾಹರಣೆಗೆ ಸಾರದ ಎಂಐಸಿ ಒಂಟಿಯಾಗಿ 500, ಜೊತೆಯಲ್ಲಿ 125 ಆದರೆ ಭಾಗಲಬ್ಧ 0.25. ಆಕ್ಸಾಸಿಲಿನ್ 64ರಿಂದ 4ಕ್ಕಿಳಿದರೆ 0.0625. ಕೂಡಿದರೆ 0.3125. ಮೊತ್ತ 0.5 ಅಥವಾ ಕಡಿಮೆ ಇದ್ದರೆ ಮಾತ್ರ ಸಿನರ್ಜಿ (ಒಂದರ ಬಲವನ್ನು ಇನ್ನೊಂದು ಹೆಚ್ಚಿಸುವುದು), 0.5 ದಾಟಿ 4ರವರೆಗೆ ಪರಸ್ಪರ ಪರಿಣಾಮವಿಲ್ಲ; 4 ಮೀರಿದರೆ ವಿರೋಧ. 0.8 ಬಂದಾಗ ‘ಸ್ವಲ್ಪ ಸಿನರ್ಜಿ’ ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ.

ಇದೆಲ್ಲ ಬಿಎಸ್‌ಎಲ್-2 (ಜೈವಿಕ ಸುರಕ್ಷತೆಯ ಎರಡನೇ ಹಂತದ) ಪ್ರಯೋಗಾಲಯದ ಕೆಲಸ. ಕ್ಲಾಸ್ 2 ಜೈವಿಕ ಸುರಕ್ಷತಾ ಕ್ಯಾಬಿನೆಟ್ ಬೇಕು, ಬಳಸಿದ ಪ್ಲೇಟ್ ಮತ್ತು ಟಿಪ್‌ಗಳನ್ನು ಎಸೆಯುವ ಮೊದಲು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಲೇಬೇಕು. ಇದನ್ನು ಓದಿ ಯಾರಾದರೂ ಸೋಂಕಾದ ಗಾಯಕ್ಕೆ ಸಿಪ್ಪೆಯ ಸಾರ ಹಚ್ಚಲು ಅಥವಾ ವೈದ್ಯರು ಕೊಟ್ಟ ಔಷಧಿ ನಿಲ್ಲಿಸಲು ಹೊರಟರೆ ದಯವಿಟ್ಟು ಬೇಡ. ಪ್ಲೇಟ್‌ನಲ್ಲಿ ಬ್ಯಾಕ್ಟೀರಿಯಾ ನಿಂತರೆ ಸಾಲದು, ಅದೇ ಸಾಂದ್ರತೆ ಮನುಷ್ಯನ ಕೋಶವನ್ನು ಉಳಿಸಬೇಕು. ಮೊದಲ ಅಂದಾಜಿಗೆ ವೆರೊ ಕೋಶಗಳ (ಕೋತಿಯ ಮೂತ್ರಪಿಂಡದಿಂದ ಬಂದ, ಪ್ರಯೋಗಾಲಯದಲ್ಲಿ ಬೆಳೆಸುವ ಕೋಶಗಳು) ಮೇಲೆ ಸಿಸಿ50 (ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಸಾಂದ್ರತೆ) ತೆಗೆದು ಎಂಐಸಿಯಿಂದ ಭಾಗಿಸಿ. ಕನಿಷ್ಠ 10 ಬಂದರೆ ಮುಂದುವರಿಯಬಹುದು. ಸಪೋನಿನ್ ಇರುವ ಸಸ್ಯವಾದರೆ ಕೆಂಪು ರಕ್ತಕಣ ಒಡೆಯುತ್ತದೆಯೇ ಎಂಬುದನ್ನೂ ನೋಡಬೇಕು.

ಇಷ್ಟೂ ದಾಟಿ ಬಂದರೆ ಸಾರವನ್ನು ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯುಟನಾಲ್, ನೀರು ಎಂದು ಭಾಗ ಮಾಡಿ ಪ್ರತಿಯೊಂದರ ಎಂಐಸಿ ತೆಗೆಯಿರಿ. ಒಂದು ಭಾಗದಲ್ಲಿ ಎಂಐಸಿ ಸ್ಪಷ್ಟವಾಗಿ ಇಳಿದರೆ ಆ ಭಾಗದ ಬೆನ್ನು ಹತ್ತಿ. ಎಲ್ಲದರಲ್ಲೂ ಕಚ್ಚಾ ಸಾರಕ್ಕಿಂತ ಏರಿದರೆ, ಪರಿಣಾಮ ಕೊಡುತ್ತಿದ್ದುದು ಒಂದಕ್ಕಿಂತ ಹೆಚ್ಚು ಸಂಯುಕ್ತಗಳ ಕೂಟವಾಗಿರಬಹುದು, ಅಥವಾ ಕೆಲಸದ ಸಂಯುಕ್ತ ಬೇರ್ಪಡಿಸುವಾಗ ಕೆಟ್ಟಿರಬಹುದು. ಭಾಗಗಳನ್ನು ಮೂಲ ಅನುಪಾತದಲ್ಲೇ ಮತ್ತೆ ಕೂಡಿಸಿ ಎಂಐಸಿ ನೋಡಿದರೆ ಎರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ.