ರಕ್ತದಲ್ಲಿ ಸೆರಟೋನಿನ್ ಸರಿಯಾಗಿದ್ದರೆ ಖಿನ್ನತೆಯ ಮಾತ್ರೆ ನಿಲ್ಲಿಸಬಹುದೇ?

ನಿಲ್ಲಿಸಬೇಡಿ. ಆ ಪರೀಕ್ಷೆಗೂ ದುಡ್ಡು ಸುರಿಯಬೇಡಿ.

ನಿಮ್ಮ ಲೆಕ್ಕವನ್ನೇ ನಾನೂ ಹಾಕಿದ್ದೆ. ಮಂಡ್ಯದ ಹತ್ತಿರ ನಮ್ಮದು ಕಬ್ಬಿನ ಗದ್ದೆ, ಜೊತೆಗೊಂದು ಆಲೆಮನೆ. ಖಿನ್ನತೆ ಹಿಡಿದಾಗ, ಮೆದುಳಿನಲ್ಲಿ ಸೆರಟೋನಿನ್ (ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ) ಕಡಿಮೆಯಾಗಿದೆ ಎಂದು ಯಾರೋ ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಾತ್ರೆಯಿಂದ ನಿದ್ದೆ ಬಂದು, ಮುದ್ದೆ ರುಚಿಸತೊಡಗಿದ ಮೇಲೆ ಕೊರತೆ ತುಂಬಿತೆಂದು ಒಮ್ಮೆಲೇ ಬಿಟ್ಟೆ. ವೈದ್ಯರನ್ನು ಕೇಳಲಿಲ್ಲ, ಮನೆಯವರಿಗೆ ಹೇಳಲಿಲ್ಲ, ಪ್ರಮಾಣವನ್ನು ಹಂತಹಂತವಾಗಿ ಇಳಿಸಲೂ ಇಲ್ಲ. ಮೊದಲು ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಮ್ಮೆನ್ನುವುದು, ಕೆಟ್ಟ ಕನಸುಗಳು. ಇವೆಲ್ಲ ಮಾತ್ರೆ ಹಠಾತ್ತನೆ ನಿಂತದ್ದರ ಲಕ್ಷಣಗಳು. ಅವು ಇಳಿದವು, ಆದರೆ ಹಳೆಯ ಖಿನ್ನತೆ ಮರಳಿ ಬಂತು. ಗಾಣ ಶುರುವಾಗಬೇಕಾದ ಹೊತ್ತಿಗೆ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ. ಕಬ್ಬು ಗದ್ದೆಯಲ್ಲೇ ಒಣಗಿತು, ಆಲೆಮನೆಯನ್ನು ಗುತ್ತಿಗೆಗೆ ಕೊಡಬೇಕಾಯಿತು.

ನನ್ನ ತಿಳುವಳಿಕೆಯ ಬುಡವೇ ತಪ್ಪಾಗಿತ್ತು. ದೇಹದ ಸೆರಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಕರುಳಿನಲ್ಲಿ. ರಕ್ತದಲ್ಲಿರುವುದು ಮೆದುಳಿನ ತಡೆಗೋಡೆಯನ್ನು ದಾಟುವುದಿಲ್ಲ. ಹೀಗಿರುವಾಗ ರಕ್ತದ ವರದಿ ನಿಮ್ಮ ಮನಸ್ಸಿನ ಬಗ್ಗೆ ಏನು ಹೇಳೀತು? ಮೆದುಳಿನಲ್ಲಿ ಒಂದು ನರಕೋಶ ಸೆರಟೋನಿನ್ ಅನ್ನು ಕಿರಿದಾದ ಸಂದಿಗೆ ಬಿಡುತ್ತದೆ, ಎದುರಿನ ಕೋಶದ ಗ್ರಾಹಕಗಳು ಅದನ್ನು ಹಿಡಿಯುತ್ತವೆ, ಉಳಿದದ್ದನ್ನು ಬಿಟ್ಟ ಕೋಶವೇ ಮರಳಿ ಹೀರಿಕೊಳ್ಳುತ್ತದೆ. ನನ್ನ ಮಾತ್ರೆ ಆ ಹೀರುವಿಕೆಯನ್ನು ತಡೆಯುತ್ತಿತ್ತೇ ಹೊರತು ಹೊರಗಿನಿಂದ ಏನನ್ನೂ ತುಂಬುತ್ತಿರಲಿಲ್ಲ. ಈ ತಡೆ ಕೆಲವೇ ಗಂಟೆಗಳಲ್ಲಿ ಆರಂಭವಾಗುತ್ತದೆ, ಮನಸ್ಸು ಹಗುರಾಗಲು ಮಾತ್ರ ವಾರಗಳು ಬೇಕು. ನಾಲೆಗೆ ನೀರು ಬಿಟ್ಟ ದಿನವೇ ಭತ್ತ ಕೊಯ್ಲಿಗೆ ಬರುತ್ತದೆಯೇ? ಆ ವಾರಗಳಲ್ಲಿ ಗ್ರಾಹಕಗಳೂ ನರಕೋಶಗಳ ನಡುವಿನ ಸಂಪರ್ಕಗಳೂ ನಿಧಾನವಾಗಿ ಬದಲಾಗುತ್ತವೆ ಎನ್ನುತ್ತಾರೆ.

ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಎಂಬ ಮೆದುಳಿನ ಇನ್ನೊಂದು ರಾಸಾಯನಿಕವನ್ನು ತಯಾರಿಸುವ ಕೋಶಗಳೇ ಸಾಯುತ್ತವೆ, ಅಲ್ಲಿ ಕೊರತೆ ನಿಜ. ಖಿನ್ನತೆ ಅಷ್ಟು ಸರಳವಲ್ಲ. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಮರ್ಶೆಗೆ, ಸೆರಟೋನಿನ್ ಕೊರತೆಯೇ ಖಿನ್ನತೆಗೆ ಕಾರಣ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಹಾಗೆಂದು ಮಾತ್ರೆ ದಂಡವೆಂದು ತಿಳಿಯಬೇಡಿ, ನನ್ನನ್ನು ಎರಡನೆಯ ಸಲ ಎಬ್ಬಿಸಿದ್ದೂ ಅದೇ.

ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ ಹೇಗಿವೆಯೆಂದು ಬರೆದಿಟ್ಟು ನಿಮ್ಮ ವೈದ್ಯರಿಗೆ ತೋರಿಸಿ. ಯಾವಾಗ, ಎಷ್ಟೆಷ್ಟು ಇಳಿಸಬೇಕೆಂದು ಅವರೇ ಹೇಳಲಿ. ಖಿನ್ನತೆಯ ಮಾತ್ರೆಗಳಲ್ಲೇ ಪ್ಯಾರಾಕ್ಸೆಟಿನ್ ದೇಹದಿಂದ ಬೇಗ ಹೊರಹೋಗುತ್ತದೆ, ಫ್ಲುಯಾಕ್ಸೆಟಿನ್ ವಾರಗಟ್ಟಲೆ ಉಳಿಯುತ್ತದೆ, ಆದ್ದರಿಂದ ಪಕ್ಕದ ಮನೆಯವರು ಬಿಟ್ಟ ರೀತಿ ನಿಮಗೆ ಒಗ್ಗುವುದಿಲ್ಲ. ನಡುರಾತ್ರಿ ತಡೆಯಲಾರದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.